ಮುನ್ನೂರು ಪುಟದಲ್ಲಿ ಹೊಳೆ ಎಲ್ಲಿ, ಮಗಳೇ?

ಪ್ರೀತಿಯ ಮಗಳೇ,

ನೀನು ಕಳಿಸಿದ ಕಾದಂಬರಿಯ ಕಟ್ಟು ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. "ಮೇಷ್ಟ್ರೇ, ಮೂರು ಕಡೆಯಿಂದ ವಾಪಸ್ ಬಂತು. ಇನ್ನು ಬರೆಯಲ್ಲ" ಅಂತ ಬರೆದಿದ್ದೀಯ. ಕೆಳಗೆ ಹೆಸರು ಕೂಡ ಹಾಕಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಧ್ಯಾಯ ಎಷ್ಟುದ್ದ ಇರಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು, ಯಾವ ಪ್ರಕಾಶಕರನ್ನು ಕೇಳಬೇಕು ಅಂತೆಲ್ಲ ಕೇಳಿದ್ದೀಯ. ಅವಕ್ಕೆ ನಾನು ಉತ್ತರ ಬರೆಯುವುದಿಲ್ಲ. ಅವೆಲ್ಲ ಹೇಗೋ ಆಗುತ್ತವೆ. ನನ್ನದೇ ಒಂದು ಪ್ರಶ್ನೆ ಇದೆ. ಶ್ರೀರಂಗಪಟ್ಟಣದ ಮೇಲೆ ಮುನ್ನೂರು ಪುಟ ಬರೆದಿದ್ದೀಯಲ್ಲ, ಅದರಲ್ಲಿ ಹೊಳೆ ಎಲ್ಲಿ?

ಎಣಿಸಿ ನೋಡಿದೆ. ಕಾವೇರಿ ನಿನ್ನ ಕಾದಂಬರಿಯಲ್ಲಿ ಐದು ಸಲ ಬರುತ್ತಾಳೆ. ಎರಡು ಸಲ ಸುಮ್ನೆ ಜುಳುಜುಳು ಅಂತಾಳೆ. ಎರಡು ಸಲ ರಕ್ತದಿಂದ ಕೆಂಪಾಗುತ್ತಾಳೆ. ಐದನೆಯದರ ಮಾತು ಆಮೇಲೆ ಹೇಳುತ್ತೇನೆ.

ನಿನ್ನ ಕಥೆ ಟಿಪ್ಪು ಸತ್ತು ಕೋಟೆ ಇಂಗ್ಲಿಷರ ಕೈಸೇರಿದ ದಿನದ್ದು. 1799ರ ಮೇ 4ರ ಬೆಳಿಗ್ಗೆ ಶುರುವಾಗಿ ಅದೇ ರಾತ್ರಿ ಮುಗಿಯುತ್ತದೆ. ಆ ದಿನವನ್ನು ನೀನು ಚೆನ್ನಾಗಿಯೇ ಬರೆದಿದ್ದೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೇ ತಿಂಗಳೇ ಯಾಕೆ ಅಂತ ಒಂದು ಸಲವಾದರೂ ನಿನ್ನನ್ನು ನೀನು ಕೇಳಿಕೊಂಡೆಯಾ? ನಮ್ಮ ಪಟ್ಣ, ಅಂದರೆ ಶ್ರೀರಂಗಪಟ್ಟಣ, ಕಾವೇರಿಯ ನಡುವಿನ ದ್ವೀಪ. ಮುಂಗಾರು ಹಿಡಿಯಿತು ಅಂದರೆ ಸುತ್ತ ಹೊಳೆ ತುಂಬುತ್ತದೆ. ಆಗ ಯಾವ ದಂಡೂ ದಾಟಲಾರದು. 1791ರಲ್ಲಿ ಇಂಗ್ಲಿಷರ ದಂಡಿನ ಕಾರ್ನ್‌ವಾಲಿಸ್ ಇದೇ ಮೇ ತಿಂಗಳಲ್ಲಿ ಪಟ್ಣದ ಹತ್ತಿರದ ಅರಕೆರೆವರೆಗೂ ಬಂದ. ಅಲ್ಲಿಯ ಕಾಳಗದಲ್ಲಿ ಗೆದ್ದ. ಆದರೆ ಮಳೆ ಶುರುವಾಯಿತು, ಮೇವಿಲ್ಲದೆ ಎತ್ತುಗಳು ಸತ್ತವು. ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಾಕಿ ಬೆಂಗಳೂರಿಗೆ ವಾಪಸ್ ಹೋದ. ಮುಂದಿನ ವರ್ಷ ಬಂದದ್ದು ಫೆಬ್ರವರಿಯಲ್ಲಿ. 1799ರಲ್ಲಿ ಬಂದವರಿಗೂ ಈ ಲೆಕ್ಕ ಗೊತ್ತಿತ್ತು. ನಡು ಮಧ್ಯಾಹ್ನ, ಬೇಸಿಗೆಯಲ್ಲಿ ಇಳಿದಿದ್ದ ಹೊಳೆಯನ್ನು ಬಂಡೆಗಳ ಮೇಲೆ ಕಾಲಿಟ್ಟು ದಾಟಿದರು. ಇನ್ನು ಕೆಲವೇ ವಾರ ಕಳೆದಿದ್ದರೆ ಆ ಬಂಡೆಗಳು ಕಾಣುತ್ತಲೇ ಇರಲಿಲ್ಲ. ನಿನ್ನ ಕೋಟೆಯೊಳಗಿನ ಜನ ಅವತ್ತು ಬೆಳಿಗ್ಗೆ ಎದ್ದು ಮೊದಲು ನೋಡಿರಬೇಕಾದದ್ದು ಶತ್ರುವನ್ನಲ್ಲ ಮಗಳೇ, ಪಡುವಲ ದಿಕ್ಕಿನ ಮೋಡವನ್ನು. ನಿನ್ನ ಪುಸ್ತಕದಲ್ಲಿ ಒಬ್ಬರೂ ತಲೆಯೆತ್ತಿ ಆಕಾಶ ನೋಡುವುದಿಲ್ಲ.

ಇದಕ್ಕೆ ನನಗೆ ಸಿಟ್ಟು ಬಂತು. ಸಿಟ್ಟು ನಿನ್ನ ಮೇಲಲ್ಲ ಅಂತ ಆಮೇಲೆ ಗೊತ್ತಾಯಿತು.

ಸುಮಾರು ಮೂವತ್ತು ವರ್ಷದ ಹಿಂದೆ ಒಂದು ಪತ್ರಿಕೆಯ ವಿಶೇಷಾಂಕಕ್ಕೆ ನಾನು ಪಟ್ಣದ ಮೇಲೆ ಲೇಖನ ಬರೆದೆ. ಅದಕ್ಕಾಗಿ ಬಂಗಾರದೊಡ್ಡಿ ನಾಲೆಯ ಗುಂಟ ಎರಡು ದಿನ ನಡೆದಿದ್ದೆ. ನೀನು ಆ ನಾಲೆ ನೋಡಿದ್ದೀಯೋ ಇಲ್ಲವೋ. ಮೈಸೂರು ಒಡೆಯರ ಕಾಲದ್ದು, ಹದಿನೇಳನೇ ಶತಮಾನದ್ದು. ಒಂದು ಕಡೆ ಹೊಳೆಯ ಮೇಲೆ ಕಲ್ಲಿನ ಸೇತುವೆ ಕಟ್ಟಿ, ಅದರ ಮೇಲೆ ನಾಲೆ ಹರಿಸಿ ದ್ವೀಪಕ್ಕೆ ತಂದಿದ್ದಾರೆ. ಕೆಳಗೂ ನೀರು, ಮೇಲೂ ನೀರು. ನನ್ನ ಜೊತೆ ಒಬ್ಬ ನೀರುಗಂಟಿ ಬಂದಿದ್ದ. ಯಾವ ತೂಬು ಯಾವ ಗದ್ದೆಗೆ, ಯಾವ ದಿನ ಯಾರ ಸರದಿ ಅನ್ನುವುದೆಲ್ಲ ಅವನ ಬಾಯಲ್ಲೇ ಇತ್ತು. ಅವನ ಅಪ್ಪ, ತಾತ ಎಲ್ಲರೂ ಅದೇ ಕೆಲಸ ಮಾಡಿದವರು. ದಳವಾಯಿಗಳು ಬಂದರು, ನವಾಬರು ಬಂದರು, ಕಂಪನಿಯವರು ಬಂದರು. ತೂಬು ಎತ್ತುವವರಿಗೆ ಮಾತ್ರ ಒಂದು ದಿನವೂ ಬಿಡುವು ಸಿಗಲಿಲ್ಲ. ನಾನು ಅದನ್ನೇ ಬರೆದೆ.

ಸಂಪಾದಕರು ಓದಿ, "ನಾಲೆ ತೆಗೀರಿ, ಯುದ್ಧ ಜಾಸ್ತಿ ಮಾಡಿ. ಓದುವವರಿಗೆ ಅದೇ ಬೇಕು" ಅಂದರು. ನಾನು ತೆಗೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ, ನಾನೇ ತೆಗೆದೆ. ಲೇಖನ ಬಂದ ಮೇಲೆ ಕಾಗದಗಳ ಮೇಲೆ ಕಾಗದ ಬಂದವು. ಟಿಪ್ಪುವನ್ನು ಹೊಗಳಿದ್ದಕ್ಕೆ ಒಂದಷ್ಟು ಜನ ಮೆಚ್ಚಿದರು. ಅದೇ ಲೇಖನದಲ್ಲಿ ತೆಗಳಿಕೆ ಕಂಡು ಇನ್ನೊಂದಷ್ಟು ಜನ ಮೆಚ್ಚಿದರು. ಪತ್ರಿಕೆ ತೆಗೆದುಕೊಂಡು ನೀರುಗಂಟಿಯ ಮನೆಗೆ ಹೋದೆ. ಮೊಮ್ಮಗ ಪೂರ್ತಿ ಓದಿ ಹೇಳಿದ. ಆತ ಕೊನೆವರೆಗೂ ಕೇಳಿಸಿಕೊಂಡ. "ಯುದ್ಧ ಚೆನ್ನಾಗಿ ಬರ್ದಿದ್ದೀರ ಸಾ" ಅಂದ. ಅಷ್ಟೇ. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಅವನು ತೀರಿಕೊಂಡದ್ದು ವರ್ಷದ ಮೇಲೆ ಯಾರೋ ಹೇಳಿ ತಿಳಿಯಿತು.

ಹೊಗಳಿಕೆಗೆ ಬರೆಯಬೇಡ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ನಿನಗೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಈಗ ಗೊತ್ತಾಯಿತಲ್ವಾ? ಪಟ್ಣದ ಮೇಲೆ ಬರೆದರೆ ಹೊಗಳಿಕೆ ತಾನಾಗೇ ಸಿಗುತ್ತದೆ. ಟಿಪ್ಪು ವೀರ ಅಂದರೆ ಒಂದು ಗುಂಪು ಚಪ್ಪಾಳೆ ತಟ್ಟುತ್ತದೆ, ಕ್ರೂರಿ ಅಂದರೆ ಇನ್ನೊಂದು ಗುಂಪು. ಎರಡೂ ಗುಂಪಿಗೆ ಬೇಕಾದದ್ದು ಒಬ್ಬ ಮನುಷ್ಯ, ಒಂದು ದಿನ. ನೀನು ಅದನ್ನೇ ಕೊಟ್ಟಿದ್ದೀಯ. ಮೂರು ಕಡೆಯಿಂದ ವಾಪಸ್ ಬಂದದ್ದು ಒಳ್ಳೆಯದಾಯಿತು ಅಂತಲೇ ನಾನು ಹೇಳುವುದು. ಅಚ್ಚಾಗಿದ್ದರೆ ನಿನಗೂ ಕಾಗದಗಳು ಬರುತ್ತಿದ್ದವು, ನೀನು ಅಲ್ಲೇ ನಿಂತುಬಿಡುತ್ತಿದ್ದೆ.

ಆ ಒಂದು ದಿನದ ಆಚೆ ಈಚೆ ನೋಡು. ನಾಗಮಂಗಲದ ತಿಮ್ಮಣ್ಣ ಅಲ್ಲಿ ಕೋಟೆ ಕಟ್ಟಿಸಿದ್ದು 1454ರಲ್ಲಿ. ಆಮೇಲೆ ವಿಜಯನಗರದ ಪ್ರತಿನಿಧಿಗಳು ಅಲ್ಲಿ ಕೂತು ಈ ಸೀಮೆ ಆಳಿದರು. 1610ರಲ್ಲಿ ರಾಜ ಒಡೆಯರ್ ಪಟ್ಣವನ್ನು ತೆಗೆದುಕೊಂಡ ಮೇಲೆಯೇ ಮೈಸೂರು ಅನ್ನುವ ಸಣ್ಣ ಪಾಳೆಯಪಟ್ಟು ರಾಜ್ಯವಾದದ್ದು. ದಸರಾ ಅಲ್ಲೇ ಶುರುವಾಯಿತು. ಚಿಕ್ಕದೇವರಾಜರ ಕಾಲದ ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳ ಆಡಳಿತ, ಅಲ್ಲೇ ನಡೆಯಿತು.

ಅದೇ ಅರಮನೆಯಲ್ಲಿ ಒಬ್ಬ ಹೆಂಗಸು ಎಲೆಯಡಿಕೆ ಸಂಚಿ ಹಿಡಿಯುವ ಕೆಲಸದಲ್ಲಿದ್ದಳು. ಯಳಂದೂರಿನವಳು, ಹೊನ್ನಮ್ಮ. ಸಂಚಿ ಹಿಡಿದ ಕೈಯಲ್ಲೇ ಸಾಂಗತ್ಯ ಅನ್ನುವ ಹಾಡುಗಬ್ಬದ ಮಟ್ಟಿನಲ್ಲಿ ಕಾವ್ಯ ಬರೆದಳು. ಹೆಣ್ಣನ್ನು ಹೀಗಳೆಯುವವರನ್ನು ಕಣ್ಣು ಕಾಣದವರು ಅಂತ ನೇರವಾಗಿ ಕರೆದಳು. ನಿನ್ನ ಕಾದಂಬರಿಯ ಅರಮನೆಯಲ್ಲಿ ಹೆಂಗಸರು ಅಳುವುದಕ್ಕೆ ಮಾತ್ರ ಬಾಯಿ ತೆರೆಯುತ್ತಾರೆ. ನೀನೇ ಒಬ್ಬ ಹೆಣ್ಣುಮಗಳಾಗಿ ಹೀಗೆ ಬರೆದದ್ದು ನನಗೆ ನೋವಾಯಿತು.

ಈಚೆಗೆ ಬಾ. ರಾಜಧಾನಿ ಮೈಸೂರಿಗೆ ಹೋಯಿತು. ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಸೇತುವೆ 1804ರಲ್ಲಿ ಮುಗಿಯಿತು. ಅದಕ್ಕೆ ಹೆಸರು ಮಾತ್ರ ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಆ ಕಲ್ಲಿನ ಕಂಬಗಳು ಇವತ್ತಿಗೂ ನೀರಲ್ಲಿ ನಿಂತಿವೆ. ಇಂಗ್ಲಿಷರ ಸೈನ್ಯ ದ್ವೀಪದ ಸೊಳ್ಳೆ, ಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಎದ್ದು ಹೋಯಿತು. ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್, ಹುಟ್ಟಿದ್ದು ಹೀಗೆ. ನೀನು ಈಗ ಬಾಡಿಗೆಗಿರುವ ಊರಿನ ಅರ್ಧ ಕಥೆ ನಮ್ಮ ಹೊಳೆಯ ಸೊಳ್ಳೆಯಿಂದ ಶುರುವಾಗುತ್ತದೆ. ಅದು ಬರೆಯುವಂಥ ಸಂಗತಿ ಅಲ್ವಾ? ನಿನ್ನ ನಾಯಕನೂ ನೀರಿನ ಬಗ್ಗೆ ಯೋಚಿಸಿದವನೇ. ಅವನು ಕಾವೇರಿಗೆ ಕಟ್ಟೆ ಕಟ್ಟಲು ಬರೆಸಿದ್ದ ಪಾರಸಿ ಭಾಷೆಯ ಶಾಸನ ಕನ್ನಂಬಾಡಿ ಅಣೆಕಟ್ಟು ಕಟ್ಟುವಾಗ ಸಿಕ್ಕಿತು. ನಿನ್ನ ಮುನ್ನೂರು ಪುಟದಲ್ಲಿ ಅವನ ಕತ್ತಿಗೆ ಹನ್ನೊಂದು ಪುಟ ಇದೆ, ಈ ಕಲ್ಲಿಗೆ ಒಂದು ಸಾಲಿಲ್ಲ.

ಬೈದದ್ದು ಜಾಸ್ತಿಯಾಯಿತು. ಆ ಐದನೆಯ ಸಲದ ಮಾತಿಗೆ ಬರುತ್ತೇನೆ. 211ನೇ ಪುಟ. ಗಂಜಾಂನ ಒಬ್ಬ ಅಜ್ಜಿ ಹೊಳೆದಂಡೆಯಲ್ಲಿ ಮರಳು ಹಾಕಿ ತಪ್ಪಲೆ ಬೆಳಗುತ್ತಿರುತ್ತಾಳೆ. ನೀರಿನ ಬಣ್ಣ ನೋಡಿ "ಕೊಡಗಲ್ಲಿ ಮಳೆ ಹುಯ್ದದೆ" ಅಂತಾಳೆ. ಪಕ್ಕದವಳು "ಈಗಲೇನಾ?" ಅಂತಾಳೆ. ಅಷ್ಟೇ ಇರುವುದು, ಅರ್ಧ ಪುಟ. ಅದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದನ್ನು ನೀನು ಯಾವ ಪುಸ್ತಕದಿಂದಲೂ ತಂದಿಲ್ಲ. ನಿಮ್ಮಜ್ಜಿಯ ಮಾತೇ ಇರಬೇಕು. ಬರೆಯಲ್ಲ ಅನ್ನುವವಳು ಇಂಥದ್ದನ್ನು ಬರೆಯುವುದಿಲ್ಲ, ತಾಯಿ.

ಜುಲೈನಲ್ಲಿ ಕನ್ನಂಬಾಡಿ ತುಂಬಿ ನೀರು ಬಿಟ್ಟರೆ ನಾನೇ ಫೋನ್ ಮಾಡುತ್ತೇನೆ. ಬೆಳಗಿನ ರೈಲಿಗೆ ಬಾ, ಪಟ್ಣದಲ್ಲೇ ಇಳಿ. ಸ್ಟೇಷನ್ನಿನಿಂದ ಪಶ್ಚಿಮವಾಹಿನಿಗೆ ನಡೆದು ಹೋಗೋಣ. ಮೊಣಕಾಲು ನೋವಿದೆ, ನಿಧಾನ ನಡೆಯುತ್ತೇನೆ. ಆಮೇಲೆ ಬಂಗಾರದೊಡ್ಡಿ ನಾಲೆಗೂ ಹೋಗೋಣ. ಆ ಮೊಮ್ಮಗ ಈಗ ಅಲ್ಲೇ ಗದ್ದೆ ಮಾಡುತ್ತಿದ್ದಾನಂತೆ. ಅವನ ಮನೆಗೆ ನಾನೊಬ್ಬನೇ ಹೋಗಲಾರೆ. ನೀನು ಜೊತೆಗಿದ್ದರೆ ಹೋದೇನು.

ಬರುವಾಗ ಪೂರ್ತಿ ಕಟ್ಟು ಹೊತ್ತು ತರಬೇಡ. 211ನೇ ಪುಟ ಒಂದನ್ನು ತಾ.

ನಿನ್ನ ಮೇಷ್ಟ್ರು