ಗೊಂಬೆಗೆ ಸೂಜಿ ಚುಚ್ಚೋದು ಕಲಿಸಿದ್ವಿ, ಡಾಕ್ಟರಿಗೆ ಫೋನ್ ಮಾಡೋದು?

ಮಾನ್ಯ ಸಂಪಾದಕರೇ,

ವಾರ್ಡ್‌ನಲ್ಲಿ ವರ್ಷಾನುಗಟ್ಟಲೆ ದುಡಿದು ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡ್ತಿರೋಳು ನಾನು. ಸಿಮ್ಯುಲೇಶನ್ ಲ್ಯಾಬ್, ಅಂದ್ರೆ ನಿಜವಾದ ಪೇಷೆಂಟ್ ಇಲ್ದೆ ಅಭ್ಯಾಸ ಮಾಡಿಸೋ ಕೋಣೆ, ಅಂದ ತಕ್ಷಣ ಎಲ್ಲರ ಕಣ್ಣಿಗೂ ಗೊಂಬೆನೇ ಬರುತ್ತೆ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಸ್ಕೂಲಿಗೆ ಮಿಸೆಸ್ ಚೇಸ್ ಅನ್ನೋ ಆಳೆತ್ತರದ ಗೊಂಬೆ ಬಂತು, ಈಗಿನವು ಉಸಿರಾಡ್ತವೆ, ನಾಡಿ ಸಿಗುತ್ತೆ, ಎಲ್ಲಾ ಸರಿ, ಆದ್ರೆ ರಾತ್ರಿ ಮೂರು ಗಂಟೆಗೆ ಫೋನಲ್ಲಿ ರೇಗೋ ಗೊಂಬೆ ಇನ್ನೂ ಬಂದಿಲ್ಲ.

ನಂದೇ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೈಟ್ ಡ್ಯೂಟಿ, ಆಪರೇಶನ್ ಆದ ಪೇಷೆಂಟ್, ಪಲ್ಸ್ ಏರ್ತಿದೆ, ಬಿಪಿ ಇಳೀತಿದೆ, ಯೂರಿನ್ ಕಮ್ಮಿ, ಡ್ರೆಸ್ಸಿಂಗ್ ಒದ್ದೆ. ಎಲ್ಲಾ ಕಣ್ಣಾರೆ ನೋಡಿದ್ದೆ. ಆದ್ರೂ ಡಾಕ್ಟರಿಗೆ ಫೋನ್ ಮಾಡ್ದಾಗ ಬಾಯಿಂದ ಬಂದಿದ್ದು "ಸಾರಿ ಸರ್, ನಿದ್ದೆ ಕೆಡಿಸ್ದೆ, ಪೇಷೆಂಟ್ ಯಾಕೋ ಸರಿ ಇಲ್ಲ" ಅಂತ. "ಸರಿ ಇಲ್ಲ ಅಂದ್ರೆ ಏನಮ್ಮಾ?" ಅಂದ್ರು, ನಾನು ತಡವರಿಸಿ "ನೋಡಿ ಹೇಳ್ತೀನಿ ಸರ್" ಅಂತ ಇಟ್ಬಿಟ್ಟೆ. ಮತ್ತೆ ಧೈರ್ಯ ಮಾಡಿ ಫೋನ್ ಮಾಡೋ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಪೇಷೆಂಟ್ ಉಳ್ಕೊಂಡ್ರು, ಪುಣ್ಯ.

ಇದಕ್ಕೇ ಎಸ್‌ಬಾರ್ ಅನ್ನೋ ಕ್ರಮ ಇದೆ, ಈಗ ಏನಾಗ್ತಿದೆ, ಹಿಂದೆ ಏನಾಗಿತ್ತು, ನನಗೇನು ಅನ್ನಿಸ್ತಿದೆ, ನೀವೇನು ಮಾಡ್ಬೇಕು. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದಿದ್ದಂತೆ, ಬರ್ಲಿ. ಪರೀಕ್ಷೇಲಿ ನಮ್ಮ ಮಕ್ಕಳು ಅದನ್ನ ಚೆಂದವಾಗಿ ಬರೀತಾರೆ, ಬಾಯಲ್ಲಿ ಹೇಳು ಅಂದ್ರೆ ನಾಲ್ಕನೇದಕ್ಕೆ ಗಂಟಲು ಕಟ್ಟುತ್ತೆ. "ಸರ್, ನೀವು ಈಗ್ಲೇ ಬಂದು ನೋಡ್ಬೇಕು" ಅನ್ನೋಕೆ ಅಭ್ಯಾಸ ಬೇಕು ಸ್ವಾಮಿ, ನೋಟ್ಸ್ ಸಾಲಲ್ಲ.

ಅದಕ್ಕೇ ಲ್ಯಾಬಲ್ಲಿ ಈ ಫೋನ್ ಮಾತನ್ನೂ ಅಭ್ಯಾಸ ಮಾಡಿಸ್ಬೇಕು, ಪಕ್ಕದ ರೂಮಲ್ಲಿ ಡಾಕ್ಟರ್ ಪಾತ್ರಕ್ಕೆ ಫೋನ್ ಹಿಡಿದು ನಿಜವಾದ ಮೆಡಿಕಲ್ ವಿದ್ಯಾರ್ಥಿನೇ ಕೂರ್ಬೇಕು, ಕ್ಲಾಸ್‌ಮೇಟ್ ಕೂತ್ರೆ ಇಬ್ಬರೂ ನಗ್ತಾರೆ ಅಷ್ಟೇ. ಆತ ಅವಸರದಲ್ಲಿರ್ಲಿ, ಅರ್ಧಂಬರ್ಧ ಕೇಳಿಸ್ಕೊಳ್ಳಿ. ಇನ್ಸುಲಿನ್ ಫಿಫ್ಟೀನ್ ಯೂನಿಟ್ ಅಂದಾಗ ನರ್ಸಿಂಗ್ ಹುಡುಗಿ "ಒಂದು, ಐದು, ಹದಿನೈದು ತಾನೇ?" ಅಂತ ತಿರುಗಿ ಹೇಳ್ತಾಳಾ, ಇಲ್ಲಾ ಫಿಫ್ಟಿ ಅಂತ ಬರ್ಕೋತಾಳಾ ನೋಡ್ಬೇಕು. ಬೇಕಂತಲೇ ಒಂದು ತಪ್ಪು ಆರ್ಡರೂ ಕೊಡಿಸಿ, ಚಾರ್ಟಲ್ಲಿ ಪೆನ್ಸಿಲಿನ್ ಅಲರ್ಜಿ ಅಂತಿರುತ್ತೆ, ಫೋನಲ್ಲಿ ಅದೇ ಪೆನ್ಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಕೊಡಿ ಅಂತಾರೆ. ಗೊತ್ತಿದ್ದೂ "ಸರಿ ಸರ್" ಅನ್ನೋರು ಎಷ್ಟು ಜನ ಅಂತ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಒಂದ್ಸಲ ಹೇಳಿ ಕೇಳ್ಲಿಲ್ಲ ಅಂದ್ರೆ ಎರಡನೇ ಸಲ ಹೇಳ್ಬೇಕು, ಆಗ್ಲೂ ಕೇಳ್ದಿದ್ರೆ ಮೇಲಿನವರಿಗೆ ಫೋನ್ ಮಾಡ್ಬೇಕು, ಇದು ಉದ್ಧಟತನ ಅಲ್ಲ ಅಂತ ಅಲ್ಲೇ ಕಲೀಬೇಕು. ಫಾರ್ಮಸಿಯವರು, ಲ್ಯಾಬ್‌ನವರ ಜೊತೆಗಿನ ಮಾತೂ ಹೀಗೇ.

ಆಟ ಹತ್ತು ನಿಮಿಷ ನಡೆದ್ರೆ, ಮುಗಿದ ಮೇಲೆ ಅರ್ಧ ಗಂಟೆ ಕೂತು ಮಾತಾಡ್ಬೇಕು. ನನಗೆ ಅದೇ ಮುಖ್ಯ ಅನ್ಸೋದು. ಒಬ್ಬ ಮೆಡಿಕಲ್ ಹುಡುಗ ರೆಕಾರ್ಡಿಂಗ್ ಕೇಳಿ "ಮೇಡಂ, ನಾನು ಇಷ್ಟು ಒರಟಾಗಿ ಮಾತಾಡಿದ್ನಾ?" ಅಂದಿದ್ದ.

ದುಡ್ಡಿಲ್ಲ ಅಂತಾರೆ. ದುಡ್ಡು ಯಾಕೆ ಬೇಕು? ಎರಡು ರೂಮು, ಎರಡು ಫೋನು ಸಾಕು. ಹೊಂದದೇ ಇರೋದು ಮೆಡಿಕಲ್ ಕಾಲೇಜಿಂದೂ ನರ್ಸಿಂಗ್ ಕಾಲೇಜಿಂದೂ ಟೈಮ್‌ಟೇಬಲ್, ಒಂದೇ ಕಾಂಪೌಂಡಲ್ಲಿದ್ರೂ. ತಿಂಗಳಿಗೆ ಒಂದು ಮಧ್ಯಾಹ್ನ ಎರಡೂ ಕಡೆ ಖಾಲಿ ಬಿಡಿ ಅಂತ ಪ್ರಿನ್ಸಿಪಾಲರುಗಳಲ್ಲಿ ಕೇಳ್ಕೋತೀನಿ.

ಇಂತಿ,
ಒಬ್ಬ ನರ್ಸಿಂಗ್ ಶಿಕ್ಷಕಿ