ಡಬ್ಬಿ ತರಬೇಡ, ನೀನೇ ಹೋಗು

ಗದಗ
ಭಾನುವಾರ ಸಂಜೆ

ತಮ್ಮಾ,

ನಿನ್ನ ಕಾಕಾನ ಆಶೀರ್ವಾದಗಳು. ಸೊಸೆಯ ಕುಬಸ, ಅಂದರೆ ಸೀಮಂತ, ಚೆನ್ನಾಗಿ ಆಯಿತು. ಸೊಸೆ ಹಸಿರು ಸೀರೆ ಉಟ್ಟು, ಕೈ ತುಂಬ ಬಳೆ ಹಾಕಿಕೊಂಡು ಕೂತಿದ್ದನ್ನು ನಿಮ್ಮ ಕಾಕು ಇನ್ನೂ ಹೇಳುತ್ತಿದ್ದಾಳೆ. ಮರುದಿನ ಬ್ಯಾಡಗಿಯವರು ಅವಳನ್ನು ಕರೆದುಕೊಂಡು ಹೋದ ಮೇಲೆ ನೀನು ನನ್ನ ಹತ್ತಿರ ಒಂದು ಮಾತು ಅಂದೆ. "ಆಕಿ ತವರಿಗೆ ಹೋದ್ಲು ಕಾಕಾ. ಇನ್ನ ಕೂಸಿಗೆ ಐದ ತಿಂಗಳಾಗೂತನಾ ನನಗೇನ ಕೆಲಸ ಐತಿ?"

ನೀನು ನಗುತ್ತ ಅಂದೆ. ನನಗೆ ನಗು ಬರಲಿಲ್ಲ. ಮನೆ ತುಂಬ ಮಂದಿ ಇದ್ದರು ಅಂತ ಸುಮ್ಮನಿದ್ದೆ. ಗದಗಿಗೆ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿತ್ತು. ಕೆಲಸ ಇದೆ ತಮ್ಮಾ. ಬಹಳ ಇದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಿನ್ನ ಅಕ್ಕ ಹುಟ್ಟಿದ್ದು 1986ರಲ್ಲಿ. ನಿಮ್ಮ ಕಾಕು ರೋಣದ ಕಡೆ ತವರಿನಲ್ಲಿದ್ದಳು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸುತ್ತಿದ್ದರು, ಚಹಾ ಕೊಡುತ್ತಿದ್ದರು. ಕೂಸನ್ನು ಹೊರಗೆ ತಂದು ತೋರಿಸಿ ಮತ್ತೆ ಒಳಗೆ ಒಯ್ಯುತ್ತಿದ್ದರು. ಬಾಣಂತಿ ಕೋಣೆಯ ಬಾಗಿಲು ನಾನು ದಾಟಿದ್ದು ಕಡಿಮೆ. ಅಳಿಯ ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದೆ.

ಎರಡನೇ ವಾರ ಹೋದಾಗ ಕೂಸು ಒಂದೇ ಸಮನೆ ಅಳುತ್ತಿತ್ತು. "ಈಕಿಗೆ ಹಾಲ ಸಾಲವಲ್ದು" ಅಂದರು ಅತ್ತೆ. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗದಗಿಗೆ ಬಂದು ಮೆಡಿಕಲ್ ಅಂಗಡಿಯಲ್ಲಿ ಹಾಲಿನ ಪುಡಿಯ ಡಬ್ಬಿ, ಒಂದು ಬಾಟಲಿ ತೆಗೆದುಕೊಂಡೆ. ಡಬ್ಬಿಯ ಮೇಲೆ ದುಂಡು ದುಂಡಾದ ಕೂಸಿನ ಚಿತ್ರ ಇತ್ತು. ನನ್ನ ಮಗಳೂ ಹಾಗೇ ಆಗುತ್ತಾಳೆ ಅಂತ ಖುಷಿಪಟ್ಟೆ. ಪಗಾರದಲ್ಲಿ ಅದು ಸಣ್ಣ ಮೊತ್ತ ಆಗಿರಲಿಲ್ಲ. ಮರುದಿನವೇ ರಜೆ ಹಾಕಿ ಒಯ್ದು ಕೊಟ್ಟೆ. ತಂದೆಯಾಗಿ ನಾನು ಮಾಡಿದ ಮೊದಲ ದೊಡ್ಡ ಕೆಲಸ ಅದು ಅಂತ ಆವತ್ತು ನನಗೆ ಅನ್ನಿಸಿತ್ತು.

ಆಮೇಲೆ ಆದದ್ದು ಇಷ್ಟು. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದು ಕಡಿಮೆ ಮಾಡಿತು. ಚೀಪದಿದ್ದರೆ ಹಾಲು ಇಳಿಯುವುದಿಲ್ಲ. ಹಾಲು ಕಡಿಮೆ ಆಯಿತು ಅಂತ ಇನ್ನೊಂದು ಬಾಟಲಿ. ತಿಂಗಳೊಳಗೆ ಎದೆಹಾಲು ನಿಂತೇ ಹೋಯಿತು. ಅದು ಬೇಸಿಗೆ. ಬಾಟಲಿ ಎಷ್ಟು ತೊಳೆದರೂ, ನೀರು ಎಷ್ಟು ಕಾಸಿದರೂ ಎಲ್ಲೋ ತಪ್ಪಿತು. ಕೂಸಿಗೆ ಭೇದಿ ಹತ್ತಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಆ ಸಣ್ಣ ಕೈಗೆ ಸಲಾಯಿನ್ ಚುಚ್ಚಿದ್ದನ್ನು ನೋಡಿದೆ. ಉಳಿಯಿತು, ದೇವರು ದೊಡ್ಡವನು. ಮೂರನೇ ರಾತ್ರಿ ನಿಮ್ಮ ಕಾಕು ನನ್ನ ಕಡೆ ತಿರುಗಿ, "ಡಬ್ಬಿ ತರೂ ಬದ್ಲಿ ನನ್ನ ಕೂಡ ಒಂದ ರಾತ್ರಿ ಕುಂತಿದ್ರ ಸಾಕಿತ್ತು" ಅಂದಳು. ಜೋರು ಮಾಡಿ ಅನ್ನಲಿಲ್ಲ. ಅಷ್ಟೇ ಅಂದು ಸುಮ್ಮನಾದಳು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

1992ರಲ್ಲಿ ಇದಕ್ಕೆ ಒಂದು ಕಾಯ್ದೆಯೇ ಬಂತು. ಈಗ ಆ ಡಬ್ಬಿಗಳ ಮೇಲೆ ಕೂಸಿನ ಚಿತ್ರ ಹಾಕುವ ಹಾಗಿಲ್ಲ, ಜಾಹೀರಾತು ಮಾಡುವ ಹಾಗಿಲ್ಲ. ತಾಯಿಯ ಹಾಲೇ ಶ್ರೇಷ್ಠ ಅಂತ ಅದರ ಮೇಲೆಯೇ ಬರೆಯಬೇಕು. ನನ್ನ ಹಾಗೆ ಚಿತ್ರ ನೋಡಿ ಮರುಳಾದವರು ಎಷ್ಟು ಮಂದಿ ಇದ್ದರೋ.

ಎರಡನೆಯವನು ಹುಟ್ಟಿದಾಗ ಹಳ್ಳಿಗೆ ಬರುತ್ತಿದ್ದ ನರ್ಸಮ್ಮ ಒಬ್ಬರು, "ಮೊದಲ ಯಜಮಾನ್ರನ್ನ ಒಳಗ ಕರೀರಿ" ಅಂದರು. ನಾನು ನಾಚಿಕೊಂಡು ಒಳಗೆ ಹೋದೆ. ಅವರು ನಿಂತು ಕಲಿಸಿದರು. ಕೂಸಿನ ಬಾಯಿ ದೊಡ್ಡದಾಗಿ ತೆರೆದಿರಬೇಕು. ಕೆಳತುಟಿ ಹೊರಗೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ತೊಟ್ಟು ಮಾತ್ರ ಸಾಲದು, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಬರೀ ತೊಟ್ಟು ಚೀಪಿದರೆ ತೊಟ್ಟು ಒಡೆಯುತ್ತದೆ, ತಾಯಿಗೆ ಜೀವ ಹೋಗುವಷ್ಟು ನೋವು, ಕೂಸಿನ ಹೊಟ್ಟೆಯೂ ತುಂಬುವುದಿಲ್ಲ. ಹೊಲಿಗೆ ನೋವಿನಲ್ಲಿ ಕೂತ ತಾಯಿಗೆ ಇದೆಲ್ಲ ಸರಿಯಾಗಿ ಕಾಣುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ಕಾಣುತ್ತದೆ. ಆ ಮಗ ಎರಡು ವರ್ಷ ತಾಯಿಯ ಹಾಲು ಕುಡಿದ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಮುಂದೆ ಬರೆದದ್ದರಲ್ಲಿ ನನಗೆ ಸಂಶಯ ಇದ್ದದ್ದನ್ನು ನರ್ಸ್ ಕೆಲಸದಲ್ಲಿರುವ ನಿನ್ನ ಅಕ್ಕನಿಗೆ ಫೋನ್ ಹಚ್ಚಿ ಕೇಳಿದ್ದೇನೆ.

ಹೆರಿಗೆಯ ಹೊತ್ತಿಗೆ ನೀನು ಅಲ್ಲಿರಲೇಬೇಕು. ಹುಟ್ಟಿದ ಒಂದು ತಾಸಿನೊಳಗೆ ಕೂಸು ಎದೆಗೆ ಹತ್ತಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಅಕ್ಕ ಹೇಳಿದಳು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಮೊದಲ ತಾಸಿನಲ್ಲಿ ಹಾಲು ಸಿಗುವುದು ನೂರಕ್ಕೆ 42 ಕೂಸುಗಳಿಗೆ ಮಾತ್ರ. ಉಳಿದವು ಆ ಹೊತ್ತಿನಲ್ಲಿ ಯಾರದೋ ಕೈಯಲ್ಲಿ ಇರುತ್ತವೆ, ನೋಡಲು ಬಂದವರೆಲ್ಲ ಫೋಟೋ ತೆಗೆಯುತ್ತಿರುತ್ತಾರೆ. ನೀನು ಸಿಸ್ಟರ್ ಹತ್ತಿರ ಹೋಗಿ, "ಕೂಸನ್ನ ತಾಯಿ ಎದಿ ಮ್ಯಾಲ ಹಾಕ್ರಿ" ಅಂತ ಕೇಳು. ಸಿಜೇರಿಯನ್ ಆದರೂ ಕೇಳು. ತಾಯಿಗೆ ಎಚ್ಚರ ಇದ್ದರೆ ಕೂಸನ್ನು ಹಿಡಿದು ಕುಡಿಸಲು ಸಹಾಯ ಮಾಡಬಹುದು.

ಮೊದಲ ಎರಡು ಮೂರು ದಿನ ಬರುವುದು ದಪ್ಪನೆಯ ಹಳದಿ ಹಾಲು, ಸ್ವಲ್ಪವೇ. ಅದನ್ನು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ನಮ್ಮ ಮನೆಯ ಎಮ್ಮೆ ಈದಾಗ ಅಜ್ಜ ಏನು ಮಾಡುತ್ತಿದ್ದ, ನೆನಪಿದೆಯಾ? ಕರು ಮೊದಲು ಕುಡಿಯಬೇಕು, ಉಳಿದದ್ದು ಗಿಣ್ಣಕ್ಕೆ ಅನ್ನುತ್ತಿದ್ದ. ಕರುವಿಗೆ ಬೇಕಾದ ಗಿಣ್ಣದ ಹಾಲು ನಮ್ಮ ಕೂಸಿಗೆ ಬೇಡವಾ? ರೋಗ ತಡೆಯುವ ಶಕ್ತಿ ಅದರಲ್ಲೇ ಜಾಸ್ತಿ. ಮೊದಲ ದಿನ ಕೂಸಿನ ಹೊಟ್ಟೆಗೆ ಹಿಡಿಯುವುದೇ ಒಂದು ಸಲಕ್ಕೆ ಚಮಚದಷ್ಟು. ಸ್ವಲ್ಪ ಬಂತು ಅಂದರೆ ಸಾಲದು ಅಂತಲ್ಲ.

ಜೇನುತುಪ್ಪ, ಬೆಲ್ಲದ ನೀರು, ಬಜೆ ಬೇರು ತೇಯ್ದದ್ದು ಇವೆಲ್ಲ ಬರುತ್ತವೆ. ಪ್ರೀತಿಯಿಂದಲೇ ತರುತ್ತಾರೆ. ಯಾರನ್ನೂ ಬೈಯಬೇಡ. "ಡಾಕ್ಟ್ರು ಬ್ಯಾಡ ಅಂದಾರ್ರಿ" ಅಂದು ಬಟ್ಟಲು ಇಸಿದುಕೊಂಡು ಬದಿಗಿಡು. ಜೇನು ಒಂದು ವರ್ಷದೊಳಗಿನ ಕೂಸಿಗೆ ಅಪಾಯ ಕೂಡ. ಆರು ತಿಂಗಳು ನೀರು ಸಹ ಬೇಡ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87-88 ಪಾಲು ನೀರೇ ಇದೆ. ಡಾಕ್ಟರು ಬರೆದುಕೊಟ್ಟ ಔಷಧಿ, ಹನಿ ಇದ್ದರೆ ಅದು ಬೇರೆ. ಈ ಮಾತನ್ನು ಸೊಸೆಯ ಬಾಯಿಂದ ಹೇಳಿಸಬೇಡ. ಹೆತ್ತ ತಾಯಿಗೆ, ದೊಡ್ಡವರಿಗೆ ಎದುರಾಡಿದಳು ಅಂತ ಆಗುತ್ತದೆ. ಅಳಿಯ ಹೇಳಿದರೆ ಕೇಳುತ್ತಾರೆ. ಅಳಿಯನಿಗೆ ನಮ್ಮಲ್ಲಿ ಕೊಡುವ ಮರ್ಯಾದೆಯನ್ನು ಇಂಥದ್ದಕ್ಕೆ ಬಳಸು.

"ಹಾಲು ಸಾಲುವುದಿಲ್ಲ" ಅನ್ನುವ ಮಾತು ಖಂಡಿತ ಬರುತ್ತದೆ. ಹತ್ತು ದಿನದೊಳಗೆ ಯಾರಾದರೂ ಅಂದೇ ಅನ್ನುತ್ತಾರೆ. ಆಗ ನೀನು ಅಂಗಡಿಗೆ ಓಡಬೇಡ. ಲಂಗೋಟಿ ಎಣಿಸು. ಒಂದು ವಾರ ದಾಟಿದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಅಂತ ತಿಳಿ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾಳೆ. ಇವುಗಳಲ್ಲಿ ಎರಡಾದರೂ ಭೇಟಿಗೆ ನೀನು ಅಲ್ಲಿರು, ತೂಕ ಕಣ್ಣಾರೆ ನೋಡು, ಕೇಳುವುದನ್ನು ಕೇಳು. ಉಚ್ಚೆ ಕಡಿಮೆ, ತೂಕ ಏರುತ್ತಿಲ್ಲ, ಕೂಸು ಮಂಕಾಗಿದೆ ಅಂದರೆ ತಡ ಮಾಡದೆ ಡಾಕ್ಟರ್ ಹತ್ತಿರ ಒಯ್ಯಿ. ಬರೀ ಅತ್ತರೆ ಹೆದರಬೇಡ. ಕೂಸು ತೇಗು ಬರದೆ ಅಳುತ್ತದೆ, ಸೆಕೆಗೆ ಅಳುತ್ತದೆ, ಎತ್ತಿಕೊಳ್ಳಲಿ ಅಂತಲೂ ಅಳುತ್ತದೆ. ಸಂಜೆ ಹೊತ್ತು ಕೆಲವು ಕೂಸುಗಳು ಮೇಲಿಂದ ಮೇಲೆ ಕುಡಿಯಲು ಕೇಳುತ್ತವೆ. ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜವೇ. ಚೀಪಿದಷ್ಟೂ ಹಾಲು ಊರುತ್ತದೆ.

ರಾತ್ರಿ ಕುಡಿಸಿದರೆ ಇನ್ನೂ ಚೆನ್ನಾಗಿ ಊರುತ್ತದೆ. ನೀನು ಮುಖ್ಯವಾಗಿ ಬೇಕಾಗುವುದು ರಾತ್ರಿಯೇ. ಹುಬ್ಬಳ್ಳಿಯಿಂದ ಬ್ಯಾಡಗಿ ಏನು ದೂರ? ರೈಲಿದೆ, ಬಸ್ಸಿದೆ. ಶನಿವಾರ ಸಂಜೆ ಕೆಲಸ ಮುಗಿಸಿ ಹೊರಡು, ರಾತ್ರಿ ಅಲ್ಲೇ ಮಲಗು. ಪಡಸಾಲೆಯಲ್ಲಿ ಬೀಗರ ಹಾಗೆ ಕೂಡಬೇಡ. ಕೂಸು ಎದ್ದಾಗ ನೀನೂ ಏಳು. ಎತ್ತಿ ತಾಯಿಯ ಕೈಗೆ ಕೊಡು, ಬೆನ್ನಿಗೆ ದಿಂಬು ಇಡು, ಒಂದು ಲೋಟ ನೀರು ಕೈಗೆ ಕೊಡು. ಕುಡಿದಾದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರುವ ತನಕ ಬೆನ್ನು ಸವರು, ಲಂಗೋಟಿ ಬದಲಿಸು. ಅಂಗಿ ತೆಗೆದು ಬರಿ ಎದೆಯ ಮೇಲೆ ಕೂಸನ್ನು ಮಲಗಿಸಿಕೊಂಡು ನೋಡು. ತಂದೆಯ ಎದೆಯ ಮೇಲೂ ಅದಕ್ಕೆ ಬೆಚ್ಚಗಿರುತ್ತದೆ, ಸುಮ್ಮನಾಗುತ್ತದೆ. ಆ ಅರ್ಧ ತಾಸು ಅವಳು ನಿದ್ದೆ ಮಾಡುತ್ತಾಳೆ. ಬಾಣಂತಿಗೆ ಅರ್ಧ ತಾಸಿನ ನಿದ್ದೆ ಅಂದರೆ ಏನು ಅಂತ ನಿನಗೆ ಅಲ್ಲಿ ಕೂತಾಗಲೇ ಗೊತ್ತಾಗುವುದು.

ನೋವು, ಹೆದರಿಕೆ, ಚಿಂತೆ ಇದ್ದರೆ ಎದೆಯಲ್ಲಿದ್ದ ಹಾಲೂ ಸಲೀಸಾಗಿ ಇಳಿಯುವುದಿಲ್ಲ. ಅದಕ್ಕೇ "ಇವಳಿಗೆ ಆಗುವುದಿಲ್ಲ" ಅನ್ನುವ ಮಾತು ಅವಳ ಕಿವಿಗೆ ಬೀಳದ ಹಾಗೆ ನೋಡಿಕೋ. ನೋಡಲು ಬರುವ ಮಂದಿಯನ್ನು ಹೊರಗೆ ಮಾತಾಡಿಸಿ ಕಳಿಸು. ಮೂರು ನಾಲ್ಕನೇ ದಿನ ಅವಳು ಕಾರಣ ಇಲ್ಲದೆ ಅಳಬಹುದು. ಯಾಕೆ ಅಂತ ಕೇಳಬೇಡ, ಪಕ್ಕ ಕೂಡು. ಎರಡು ವಾರ ದಾಟಿದರೂ ಮಂಕಾಗಿದ್ದರೆ, ಕೂಸಿನ ಕಡೆ ನೋಡದಿದ್ದರೆ, ಅದು ಸೊಕ್ಕಲ್ಲ, ಕಾಯಿಲೆ. ಡಾಕ್ಟರಿಗೆ ತೋರಿಸು. ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೂ ತೋರಿಸು. ಆಗಲೂ ಸಾಮಾನ್ಯವಾಗಿ ಕುಡಿಸುವುದನ್ನು ನಿಲ್ಲಿಸಬಾರದು.

ಊಟದ ವಿಷಯದಲ್ಲಿ ಬ್ಯಾಡಗಿಯವರು ನಿನಗಿಂತ ಬಲ್ಲವರು. ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ಬಿಸಿ ರೊಟ್ಟಿ ಎಲ್ಲ ತಿನ್ನಲಿ. ನೀರು ಕಡಿಮೆ ಕೊಡುವುದೊಂದನ್ನು ಮಾತ್ರ ಒಪ್ಪಬೇಡ. ನೀರಡಿಕೆ ಆದಷ್ಟೂ ಕುಡಿಯಲಿ. ತಂಬಿಗೆ ತುಂಬಿ ಅವಳ ತಲೆದೆಸೆಗೆ ಇಡುವುದು ನಿನ್ನ ಕೆಲಸ.

ರಜೆಯ ಮಾತು. ಕೇಂದ್ರ ಸರ್ಕಾರದ ನೌಕರರಿಗೆ ತಂದೆಯಾದಾಗ 15 ದಿನ ರಜೆ ಇದೆ. ನಿನ್ನಂಥ ಖಾಸಗಿ ಕಂಪನಿಯವರಿಗೆ ಅಂಥ ಕಾನೂನು ಇಲ್ಲ. ಈಗಲೇ ನಿಮ್ಮ ಸಾಹೇಬರ ಹತ್ತಿರ ಮಾತಾಡಿ ಇಡು. ಇದ್ದ ರಜೆಯನ್ನೆಲ್ಲ ತೊಟ್ಟಿಲು ಕಾರ್ಯಕ್ಕೆ ಅಂತ ಕೂಡಿಸಬೇಡ. ತೊಟ್ಟಿಲಿಗೆ ಒಂದು ದಿನ ಸಾಕು, ಮೊದಲ ಹತ್ತು ದಿನಕ್ಕೆ ಉಳಿದದ್ದೆಲ್ಲ ಹಾಕು. ಸೊಸೆಗೆ ಬ್ಯಾಂಕಿನಲ್ಲಿ 26 ವಾರ ರಜೆ ಸಿಗುತ್ತದೆ. ಅದು ಮುಗಿದು ಹುಬ್ಬಳ್ಳಿಗೆ ಬಂದ ಮೇಲೆ ಹಾಲು ಹಿಂಡಿ ಇಟ್ಟು ಹೋಗಬಹುದು, ಒಳಲೆಯಲ್ಲೋ ಬಟ್ಟಲು-ಚಮಚದಲ್ಲೋ ಕುಡಿಸಬಹುದು. ಅದನ್ನು ಆಗ ಮಾತಾಡೋಣ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಇಷ್ಟೆಲ್ಲ ಮಾಡಿಯೂ ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಸಾಲುವುದಿಲ್ಲ, ಕೆಲವರ ಆರೋಗ್ಯಕ್ಕೆ ಆಗುವುದಿಲ್ಲ. ಡಾಕ್ಟರು ನೋಡಿ, ತೂಗಿ, ಬೇರೆ ಹಾಲು ಕೊಡಿ ಅಂದರೆ ಕೊಡಿ. ಆಗ ಅವಳ ಮೇಲೆ ಒಂದು ಮಾತೂ ಬೀಳಬಾರದು. ನಾನು ತಪ್ಪಿದ್ದು ಡಬ್ಬಿ ಕೊಂಡದ್ದಕ್ಕಿಂತ ಹೆಚ್ಚಾಗಿ ಯಾರನ್ನೂ ಕೇಳದೆ, ಅವಳ ಪಕ್ಕ ಒಂದು ರಾತ್ರಿಯೂ ಕೂಡದೆ ಕೊಂಡದ್ದರಲ್ಲಿ.

ನಿಮ್ಮ ಕಾಕು ಅಂಟು, ಕೊಬ್ಬರಿ, ಉತ್ತತ್ತಿ ತರಿಸಿದ್ದಾಳೆ. ಬುಧವಾರ ಉಂಡಿ ಕಟ್ಟುತ್ತಾಳೆ. ಗುರುವಾರ ನಾನೇ ಹುಬ್ಬಳ್ಳಿಗೆ ತಂದು ಕೊಡುತ್ತೇನೆ, ಶನಿವಾರ ನೀನು ಬ್ಯಾಡಗಿಗೆ ಒಯ್ಯಿ. ನೋವು ಶುರುವಾದ ಕೂಡಲೇ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ. ನನಗೆ ಮಾಡುವ ಮೊದಲು ನೀನು ಹೊರಟಿರಬೇಕು.

ನಿನ್ನ
ಕಾಕಾ