ತಾಯಿ ಸಹಿ ಯಾಕೆ ಸಾಲದು?

ಮಾನ್ಯರೇ,

ವಿದ್ಯಾರ್ಥಿವೇತನದ ಖಾತೆ ತೆರೆಯಲು ನಮ್ಮ ಪಕ್ಕದ ಮನೆ ಹುಡುಗಿ ತಾಯಿ ಜೊತೆ ಬ್ಯಾಂಕೊಂದಕ್ಕೆ ಹೋಗಿದ್ದಳು. ‘ಅಪ್ಪನ ಸಹಿ ಬೇಕು, ಅವರನ್ನೇ ಕರ್ಕೊಂಡು ಬನ್ನಿ’ ಎಂದು ಕೌಂಟರಿನವರು ಅರ್ಜಿ ವಾಪಸ್ ಕೊಟ್ಟರು. ಅಪ್ಪ ಕಾಫಿ ಸೀಮೆಗೆ ಕೂಲಿಗೆ ಹೋಗಿದ್ದಾರೆ. ಒಂದು ಸಹಿಗೆ ದುಡಿಮೆ ಬಿಟ್ಟು ಬರಬೇಕಾ? ತಂದೆ ಜೊತೆಗಿಲ್ಲದಾಗ ತಾಯಿಯೂ ಸಹಜ ಪೋಷಕಿಯೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ತಾಯಿ ಪೋಷಕಿಯಾಗಿ ಮಗುವಿನ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ಒಪ್ಪಿಗೆಯೂ ಇದೆ. ಅಷ್ಟೇ ಅಲ್ಲ, 10 ವರ್ಷ ತುಂಬಿದ ಮಕ್ಕಳಿಗೆ ಒಂದು ಮಿತಿಯೊಳಗೆ ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಬಿಡಬಹುದು ಎಂದು 2025ರ ಸೂಚನೆ ಹೇಳುತ್ತದೆ. ಈ ಹುಡುಗಿ ಎಂಟನೇ ಕ್ಲಾಸು! ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನವರು ಈ ನಿಯಮಗಳನ್ನು ಎಲ್ಲ ಶಾಖೆಗಳಲ್ಲೂ ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಹಾಕಿಸಲಿ.

– ಓದುಗ, ನಿಟ್ಟುವಳ್ಳಿ, ದಾವಣಗೆರೆ